ಬಾಟಲಿ ಮುಚ್ಚಳ ಹೊಲಿದು ಗೋಡೆಗೆ ಪರದೆ ಮಾಡುವುದು ಹೇಗೆ

ಎಲ್ ಅನಾಟ್ಸುಯಿ ಅಂತ ಒಬ್ಬ ಶಿಲ್ಪಿ ಇದ್ದಾರೆ. ಹುಟ್ಟಿದ್ದು 1944ರಲ್ಲಿ, ಘಾನಾದಲ್ಲಿ. ನೈಜೀರಿಯಾದ ಎನ್ಸುಕ್ಕ ಊರಿನ ವಿಶ್ವವಿದ್ಯಾಲಯದಲ್ಲಿ ಬಹಳ ವರ್ಷ ಮೇಷ್ಟ್ರಾಗಿದ್ದರು. ಮದ್ಯದ ಬಾಟಲಿಯ ಅಲ್ಯೂಮಿನಿಯಂ ಮುಚ್ಚಳಗಳನ್ನು ಚಪ್ಪಟೆ ಮಾಡಿಸಿ, ತಾಮ್ರದ ತಂತಿಯಲ್ಲಿ ಹೊಲಿಸಿ, ಗೋಡೆ ಮುಚ್ಚುವಷ್ಟು ದೊಡ್ಡ ಪರದೆ ಮಾಡುತ್ತಾರೆ. ಯುರೋಪಿನ ವ್ಯಾಪಾರಿಗಳು ಆಫ್ರಿಕಾಕ್ಕೆ ಮದ್ಯ ತಂದು ಗುಲಾಮರನ್ನು ಕೊಂಡ ಕಾಲದ ನೆನಪೂ ಆ ಮುಚ್ಚಳದಲ್ಲಿದೆ. ಇಟಲಿಯಲ್ಲಿ ನಡೆಯುವ ದೊಡ್ಡ ಕಲಾಪ್ರದರ್ಶನ ವೆನಿಸ್ ಬಿನಾಲೆಯಲ್ಲಿ 2015ರಲ್ಲಿ ಅವರಿಗೆ ಜೀವಮಾನದ ಸಾಧನೆಗೆ ಗೋಲ್ಡನ್ ಲಯನ್ ಪ್ರಶಸ್ತಿ ಬಂತು.

ಅವರಷ್ಟು ದೊಡ್ಡದು ನಮ್ಮಿಂದ ಆಗಲ್ಲ, ಅವರ ಜೊತೆ ಕೈಜೋಡಿಸುವ ಜನ ಬಹಳ. ಒಂದು ಅಡಿ ಚೌಕದ ತುಂಡು ಮಾತ್ರ ಯಾರು ಬೇಕಾದರೂ ಮಾಡಬಹುದು.

ದಾವಣಗೆರೆಯಲ್ಲಿ ಸಾಮಾನಿಗೆ ಬರವಿಲ್ಲ. ಗುಜರಿ ಅಂಗಡಿಯಲ್ಲಿ ತಿರುಗಿಸಿ ತೆಗೆಯುವ ಅಲ್ಯೂಮಿನಿಯಂ ಮುಚ್ಚಳ ಕೇಳಿ, ಸೋಡಾ ಬಾಟಲಿಯ ಕಬ್ಬಿಣದ ಬಿರಡೆ ಬೇಡ. ಸುಮಾರು 70 ಸಾಕು. (ಮನೇಲಿ ಮೊದಲೇ ಹೇಳಿಡಿ. ಚೀಲದ ತುಂಬಾ ಕ್ವಾರ್ಟರ್ ಮುಚ್ಚಳ ತಂದರೆ ಯಾರಿಗಾದರೂ ಅನುಮಾನ ಬರುತ್ತೆ, ಅಲ್ವಾ?) ತಂತಿಗೆ ಮೋಟಾರ್ ವೈಂಡಿಂಗ್ ಅಂಗಡಿಗೆ ಹೋಗಿ. ಜಗಳೂರು ಕಡೆಯಿಂದ ಬರುವ ಬೋರ್‌ವೆಲ್ ಮೋಟಾರಿನ ವೈರ್ ದಪ್ಪ, ಬೆರಳಿಗೆ ಬಗ್ಗಲ್ಲ. ಫ್ಯಾನ್ ಅಥವಾ ಮಿಕ್ಸಿಗೆ ಸುತ್ತಿ ಉಳಿದ ಹೊಸ ತುಂಡು ಕೇಳಿ. ತೀರಾ ತೆಳ್ಳಗಿದ್ದರೆ ಎರಡೆಳೆ ಸೇರಿಸಿ ಹುರಿ ಮಾಡಿಕೊಳ್ಳಿ. ಮೇಲಿನ ವಾರ್ನಿಷ್ ಕೆರೆಯಬೇಡಿ. ತಾಮ್ರವೂ ಅಲ್ಯೂಮಿನಿಯಮ್ಮೂ ನೇರ ತಾಕಿ ತೇವ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತೆ, ಆ ವಾರ್ನಿಷ್ ಅದನ್ನು ತಡೆಯುತ್ತೆ.

ಮುಚ್ಚಳಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆಯಿರಿ. ವಾಷಿಂಗ್ ಸೋಡಾ ಹಾಕಿದರೆ ಕಪ್ಪಾಗುತ್ತವೆ. ಒಳಗಿನ ಬಿಲ್ಲೆ ಕಿತ್ತು ಹಾಕಿ.

ಈಗ ಕೈಗವಸು ಹಾಕಿಕೊಳ್ಳಿ, ಕತ್ತರಿಸಿದ ಅಂಚು ಬ್ಲೇಡಿನಷ್ಟೇ ಚೂಪು. ತಗಡು ಕತ್ತರಿಯಿಂದ ಮುಚ್ಚಳದ ನೆತ್ತಿ ಬೇರೆ ಮಾಡಿ, ಉಳಿದ ಬಳೆಯನ್ನು ಒಂದು ಕಡೆ ಸೀಳಿ ಬಿಡಿಸಿದರೆ ಎಂಟೊಂಬತ್ತು ಸೆಂಟಿಮೀಟರ್ ಉದ್ದದ ಪಟ್ಟಿ ಸಿಗುತ್ತೆ. ಅದನ್ನು ಹಲಗೆ ಮೇಲಿಟ್ಟು ಮರದ ಕೊಡತಿಯಿಂದ ಮೆಲ್ಲಗೆ ಬಡಿಯಿರಿ. ಕಬ್ಬಿಣದ ಸುತ್ತಿಗೆ ಬಿದ್ದರೆ ಬಣ್ಣ ಕಿತ್ತು ಬರುತ್ತೆ. ಹಳೇ ರಬ್ಬರ್ ಚಪ್ಪಲಿ ಮೇಲಿಟ್ಟು ನಾಲ್ಕು ಮೂಲೆಗೂ ಮೊಳೆಯಿಂದ ತೂತು ಹೊಡೆಯಿರಿ, ಅಂಚಿನಿಂದ ಮೂರು ಮಿಲಿಮೀಟರ್ ಒಳಗೆ. ಅದಕ್ಕಿಂತ ಹತ್ತಿರ ಹೊಡೆದರೆ ಹರಿಯುತ್ತೆ.

ಹೊಲಿಗೆಯೇ ಇಲ್ಲಿ ಮುಖ್ಯ. ಪಕ್ಕಪಕ್ಕದ ತೂತುಗಳಿಗೆ ಬೆರಳುದ್ದದ ತಂತಿ ಪೋಣಿಸಿ, ಹಿಂದೆ ಎರಡು ಸುತ್ತು ತಿರುಚಿ, ತುದಿಯನ್ನು ಒಳಕ್ಕೆ ಮಡಚಿ. ಬಿಗಿ ಮಾಡಬೇಡಿ. ಎರಡು ಪಟ್ಟಿಗಳ ನಡುವೆ ಅಕ್ಕಿಕಾಳು ತೂರುವಷ್ಟು ಸಡಿಲ ಬಿಡಿ, ಆಗಲೇ ಅದು ಬಟ್ಟೆಯ ಹಾಗೆ ನೆರಿಗೆ ಬೀಳುವುದು. ಗ್ಲೂ ಗನ್ ಹಿಡಿದು ಅಂಟಿಸುವವರನ್ನು ನೋಡಿದರೆ ನನಗೆ ಬೇಜಾರು, ತಗಡಿನ ಬೋರ್ಡ್ ಆಗುತ್ತೆ ಅಷ್ಟೇ. ಅಂಗೈ ಅಗಲದ ತುಂಡುಗಳನ್ನು ಬೇರೆಬೇರೆ ಮಾಡಿ, ನೆಲದ ಮೇಲೆ ಹರಡಿ, ಬಣ್ಣ ನೋಡಿ ಜಾಗ ಬದಲಿಸಿ, ಒಪ್ಪಿದ ಮೇಲೆ ಕೌದಿಯ ಹಾಗೆ ಒಂದಕ್ಕೊಂದು ಕೂಡಿಸಿ. ಉಳಿದ ನೆತ್ತಿಯ ಬಿಲ್ಲೆಗಳು ಅಂಚಿಗೆ ಚೆನ್ನಾಗಿ ಒಪ್ಪುತ್ತವೆ.

ತೂಗುಹಾಕುವಾಗ ಎಳೆದು ನೆಟ್ಟಗೆ ಮಾಡಬೇಡಿ. ಅನಾಟ್ಸುಯಿ ತಮ್ಮ ಪರದೆಗೆ ಇಂಥದ್ದೇ ಆಕಾರ ಅಂತ ಗೊತ್ತು ಮಾಡಲ್ಲ, ಗ್ಯಾಲರಿಯವರೇ ಬೇಕಾದ ಹಾಗೆ ಮಡಿಕೆ ಕೊಡಬಹುದು. ಮೇಲಂಚಿಗೆ ನಾಲ್ಕೈದು ಮೊಳೆ, ನಡುವೆ ಜೋಲು ಬಿಡಿ, ಬೆಳಕು ಪಕ್ಕದಿಂದ ಬೀಳಲಿ. ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಮಳೆಯ ಎರಚಲು ಬಾರದ ಗೋಡೆಗೇ ಹಾಕಿ. ಧೂಳಿಗೆ ಒಣ ಬ್ರಷ್ ಸಾಕು.