ಸ್ಮ್ಯಾಶ್ ಅವನದ್ದು, ಸರ್ವ್ ನನ್ನದು

ಸಿಂಗಲ್ಸ್‌ನಲ್ಲಿ ಸೋತವರು ಡಬಲ್ಸ್‌ಗೆ ಬರುತ್ತಾರೆ ಅನ್ನೋ ಮಾತು ನಾನು ಬ್ಯಾಡ್ಮಿಂಟನ್ ಆಡಲು ಶುರು ಮಾಡಿದಾಗ ಎಲ್ಲ ಕಡೆ ಇತ್ತು. ನನ್ನ ಮಟ್ಟಿಗೆ ಅದು ಪೂರ್ತಿ ಸುಳ್ಳೂ ಅಲ್ಲ. ಹದಿನೆಂಟಕ್ಕೆ ನನ್ನ ಎತ್ತರ ಐದಡಿ ಐದಿಂಚಿಗೆ ನಿಂತುಬಿಟ್ಟಿತು. ಹಿಂದಿನ ಮೂಲೆಗೆ ಎತ್ತಿ ಹಾಕಿದರೆ ಓಡಿ ಓಡಿ ಸುಸ್ತಾಗುತ್ತಿದ್ದೆ.

ನಮ್ಮ ಮನೆ ಉಡುಪಿ ಕಡೆಯ ಶಂಕರಪುರದ ಹತ್ತಿರ. ಹಿತ್ತಲಲ್ಲಿ ಮಲ್ಲಿಗೆ ತೋಟ. ನನ್ನ ಆಟದ ಖರ್ಚು ಹೊತ್ತದ್ದು ಅದೇ. ಗರಿಯ ಕಾಕ್, ಅಂದರೆ ಶಟ್ಲ್, ಎಷ್ಟು ಬೇಗ ಹಾಳಾಗುತ್ತದೆ ಅಂತ ಆಡಿದವರಿಗೆ ಗೊತ್ತು. ಹದಿನಾರು ಗರಿಗಳಲ್ಲಿ ಒಂದು ಮುರಿದರೂ ಅದು ಎಲ್ಲೆಲ್ಲಿಗೋ ಹೋಗುತ್ತದೆ. ಮದುವೆ ಸೀಸನ್‌ನಲ್ಲಿ ಅಟ್ಟೆಯ (ನಮ್ಮಲ್ಲಿ ಮಲ್ಲಿಗೆ ಮಾರುವ ಅಳತೆ) ದರ ಏರಿದರೆ ಅಮ್ಮ ಒಂದು ಹೊಸ ಡಬ್ಬ ಕಾಕ್‌ಗೆ ದುಡ್ಡು ಕೊಡುತ್ತಿದ್ದರು. ದರ ಬಿದ್ದರೆ ಹಳೆಯದರಲ್ಲೇ ಆಟ.

ಡಬಲ್ಸ್ ಕಲಿತದ್ದು ಯಾವ ಅಕಾಡೆಮಿಯಲ್ಲೂ ಅಲ್ಲ. ಮಳೆ ನಿಂತ ಮೇಲೆ ನಮ್ಮಲ್ಲಿ ಊರೂರಲ್ಲಿ ಹೊನಲು ಬೆಳಕಿನ ಶಟ್ಲ್ ಪಂದ್ಯಾಟ ಇರುತ್ತದಲ್ವಾ, ಅಲ್ಲಿ. ಮಣ್ಣಿನ ಕೋರ್ಟು, ನಾಲ್ಕು ಕಂಬಕ್ಕೆ ಲೈಟು, ಮೈಕಿನಲ್ಲಿ ನಿಲ್ಲದ ಕಾಮೆಂಟರಿ. ಆಟವೆಲ್ಲ ಡಬಲ್ಸೇ. ಗಾಳಿ ಇದ್ದರೆ ಎತ್ತರದ ಹೊಡೆತ ನಂಬುವಂತಿಲ್ಲ. ನೆಟ್‌ಗೆ ಸವರಿದ ಹಾಗೆ ತಗ್ಗಿನಲ್ಲಿ ಆಡುವವನೇ ಗೆಲ್ಲುತ್ತಾನೆ. ನನ್ನ ಮೊದಲ ಬಹುಮಾನ ಒಂದು ಬಾಳೆಗೊನೆ. ಅರ್ಧ ಪಾರ್ಟ್ನರ್ ಮನೆಗೆ ಹೋಯಿತು.

ಸರ್ವ್ ಬಗ್ಗೆ ಹುಚ್ಚು ಹಿಡಿದದ್ದು 2006ರ ನಂತರ. ಅದಕ್ಕೆ ಮೊದಲು ಸರ್ವ್ ಮಾಡುವ ಕಡೆಯವರಿಗೆ ಮಾತ್ರ ಪಾಯಿಂಟ್. ಸರ್ವ್ ಕೆಟ್ಟರೆ ಸರದಿ ಹೋಗುತ್ತಿತ್ತು, ಅಷ್ಟೆ. 21 ಪಾಯಿಂಟ್‌ನ ಪದ್ಧತಿ ಬಂದ ಮೇಲೆ ನೆಟ್‌ಗೆ ಬಿದ್ದ ಪ್ರತಿ ಸರ್ವ್ ಎದುರಾಳಿಗೆ ಕೊಟ್ಟ ಉಚಿತ ಪಾಯಿಂಟ್. ಡಬಲ್ಸ್‌ನಲ್ಲಿ ಇನ್ನೊಂದು ತಾಪತ್ರಯ ಇದೆ. ಸರ್ವ್ ಬೀಳಬೇಕಾದ ಜಾಗದ ಉದ್ದ ಬರೀ 3.96 ಮೀಟರ್. ಸಿಂಗಲ್ಸ್‌ನ ಹಾಗೆ ಕೊನೆಯ ಗೆರೆವರೆಗೆ ಎತ್ತಿ ಕಳಿಸುವಂತಿಲ್ಲ. ಅದಕ್ಕೇ ರಿಸೀವ್ ಮಾಡುವವನು ಮುಂದಿನ ಗೆರೆಗೆ ಮೂಗು ತಾಗಿಸಿ ನಿಂತಿರುತ್ತಾನೆ. ಕಾಕ್ ನೆಟ್‌ನಿಂದ ನಾಲ್ಕು ಬೆರಳು ಮೇಲೆ ಹೋದರೂ ಸಾಕು, ಮುಖಕ್ಕೇ ಬರುತ್ತದೆ.

ನಾನು ಮಾಡಿದ್ದು ಇಷ್ಟು. ಅಮ್ಮ ಹೂ ಕಟ್ಟಲು ಇಟ್ಟ ಬಾಳೆನಾರನ್ನು ಗಂಟು ಹಾಕಿ ಉದ್ದ ಮಾಡಿ, ಅಂಗಳದ ನೆಟ್‌ಗಿಂತ ಒಂದು ಗೇಣು ಮೇಲೆ ಕಟ್ಟಿದೆ. ಆಚೆ ಕಡೆ ಸರ್ವಿಸ್ ಗೆರೆಯ ಹಿಂದೆ ಎರಡು ಗೆರಟೆ ಬೋರಲು ಹಾಕಿದೆ. ಒಂದು ನಡುಗೆರೆ ಹತ್ತಿರ, ಇನ್ನೊಂದು ಹೊರಗಿನ ಮೂಲೆಯಲ್ಲಿ. ಕಾಕ್ ನಾರಿಗೂ ನೆಟ್‌ಗೂ ನಡುವೆ ತೂರಿ ಗೆರಟೆಗೆ ಟಕ್ ಅನ್ನಬೇಕು. ದಿನಕ್ಕೆ ಇನ್ನೂರು. ಬೆಳಗ್ಗೆಯೇ ಮುಗಿಸಬೇಕಿತ್ತು. ಹೊತ್ತೇರಿದರೆ ಕಡಲ ಗಾಳಿ ಏಳುತ್ತದೆ. ಮೊದಲ ವಾರ ಇನ್ನೂರಕ್ಕೆ ಹತ್ತೋ ಹನ್ನೆರಡೋ ತಾಗಿತು. ತಿಂಗಳಾದ ಮೇಲೆ ಒಂದು ಗುಟ್ಟು ಸಿಕ್ಕಿತು: ಕಾಕ್ ಅತಿ ಎತ್ತರಕ್ಕೆ ಏರುವುದು ನೆಟ್ ಮೇಲೆ ಅಲ್ಲ, ನೆಟ್‌ಗೆ ಮೊದಲು, ನಮ್ಮ ಕಡೆಯಲ್ಲೇ ಆಗಬೇಕು. ಆಮೇಲೆ ಅದು ಇಳಿಯುತ್ತಲೇ ದಾಟುತ್ತದೆ. ಇಳಿಯುವ ಕಾಕನ್ನು ಯಾರೂ ಕೊಲ್ಲಲಾರರು. ಇದಕ್ಕೆ ಮಣಿಕಟ್ಟು ಬೇಡ, ಹೆಬ್ಬೆರಳಿನ ತಳ್ಳು ಸಾಕು. (ನಾರು ಖಾಲಿಯಾದದ್ದಕ್ಕೆ ಅಮ್ಮ ಬೈದದ್ದು ಬೇರೆ ಲೆಕ್ಕ.)

ಪಾರ್ಟ್ನರ್ ಸಿಕ್ಕಿದ್ದು ಉಡುಪಿಯ ಅಜ್ಜರಕಾಡಿನ ಒಳಾಂಗಣದಲ್ಲಿ. ಕಾರ್ಕಳದವನು, ಆರಡಿ, ಹಿಂದಿನಿಂದ ಎಷ್ಟು ಹೊತ್ತು ಬೇಕಾದರೂ ಸ್ಮ್ಯಾಶ್ ಹೊಡೆಯುತ್ತಾನೆ. ಮುಂದೆ ಬಂದರೆ ಮಾತ್ರ ಕೈಕಾಲು ಕಟ್ಟಿದ ಹಾಗೆ. ನಾನು ಅದರ ತಿರುವುಮುರುವು. ಕೋಚ್ ಸರ್ ಎರಡು ದಿನ ನೋಡಿ, "ನೀವಿಬ್ಬರೂ ಸೇರಿದರೆ ಒಬ್ಬ ಸರಿಯಾದ ಆಟಗಾರ ಆಗ್ತೀರಿ" ಅಂದರು. ಹೊಗಳಿದ್ದೋ ಬೈದದ್ದೋ ಇವತ್ತಿಗೂ ಗೊತ್ತಿಲ್ಲ.

ನಾವು ನಿಜಕ್ಕೂ ಜೋಡಿಯಾದದ್ದು ಮಾತ್ರ ಒಂದು ಸೋಲಿನ ದಿನ. ಮಂಗಳೂರಿನ ಯು.ಎಸ್. ಮಲ್ಯ ಒಳಾಂಗಣದಲ್ಲಿ ಸೆಮಿಫೈನಲ್, ಮೂರನೇ ಗೇಮ್, 19-20. ಎದುರಾಳಿಯ ಸ್ಮ್ಯಾಶ್ ನಮ್ಮಿಬ್ಬರ ಸರಿಯಾಗಿ ನಡುವೆ ಬಂತು. ಇಬ್ಬರೂ ನೋಡುತ್ತಾ ನಿಂತೆವು. ಮ್ಯಾಚ್ ಮುಗಿಯಿತು.

"ಅದು ನಿಂದು ಮಾರಾಯ."

"ಎಂತ ನಂದು? ನೀನು ತೆಗೀತೀ ಅಂತ ಬಿಟ್ಟೆ."

ಹೊರಗೆ ಬಂದು ಒಂದೊಂದು ಗಡ್‌ಬಡ್ ಐಸ್‌ಕ್ರೀಮ್ ಎದುರಿಟ್ಟುಕೊಂಡು ಅರ್ಧ ಗಂಟೆ ಮಾತಿಲ್ಲ. ಕಡೆಗೆ ಅವನು ಟಿಶ್ಯೂ ಪೇಪರ್ ಮೇಲೆ ಕೋರ್ಟು ಗೀಚಿದ. ಇಬ್ಬರೂ ಬಲಗೈಯವರು. ಹಾಗಾದರೆ ನಡುವೆ ಬಂದದ್ದು ಎಡಗಡೆ ನಿಂತವನ ಫೋರ್‌ಹ್ಯಾಂಡ್‌ಗೆ ಬರುತ್ತದೆ. ಆದ್ದರಿಂದ ಅದು ಯಾವತ್ತೂ ಎಡಗಡೆಯವನದ್ದು. ಸಂಶಯ ಬಂದರೆ ಬಾಯಿ ಬಿಟ್ಟು ಕೂಗಬೇಕು, ಅದೂ ತುಳುವಿನಲ್ಲಿ. "ಎನ್ನ" ಅಂದರೆ ನನ್ನದು, "ದುಂಬು" ಅಂದರೆ ಮುಂದೆ, "ಪಿರ" ಅಂದರೆ ಹಿಂದೆ. ರಾಜ್ಯದ ಹೊರಗೆ ಆಡುವಾಗ ಇದರಿಂದ ಎಷ್ಟು ಪಾಯಿಂಟ್ ಬಂದಿದೆ ಅಂತ ಲೆಕ್ಕ ಇಟ್ಟಿಲ್ಲ. ಬಂದಿರುವುದಂತೂ ನಿಜ.

ಬೆಂಗಳೂರಿನಲ್ಲಿ ಬೇರೆಯೇ ಪಾಠ. ಶಿರಾಡಿ ಘಾಟಿಯಲ್ಲಿ ರಾತ್ರಿ ಬಸ್, ಬೆಳಗ್ಗೆ ಇಳಿದು ನೇರ ಕೋರ್ಟಿಗೆ. ನಾನು ಎತ್ತಿದ್ದೆಲ್ಲ ಹಿಂದೆ ಗೆರೆ ದಾಟಿ ಬೀಳುತ್ತಿತ್ತು. ಆ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಗಾಳಿ ತೆಳು, ಅದೇ ಕಾಕ್ ದೂರ ಹಾರುತ್ತದೆ. ಆಮೇಲಿಂದ ಒಂದು ದಿನ ಮೊದಲೇ ಹೋಗಲು ಶುರು ಮಾಡಿದೆವು. ಉಳಿದುಕೊಳ್ಳುವ ಖರ್ಚು ಜಾಸ್ತಿಯಾಯಿತು, ಬೇರೆ ದಾರಿ ಇರಲಿಲ್ಲ. ನಮ್ಮೂರಿನ ಸಮಸ್ಯೆ ಉಲ್ಟಾ: ಮಳೆಗಾಲದಲ್ಲಿ ಮ್ಯಾಟ್ ಬೆವರುತ್ತದೆ, ಗ್ರಿಪ್ ಜಾರುತ್ತದೆ. ನಾನು ಟವೆಲ್ ಗ್ರಿಪ್ಪೇ ಬಳಸಿದೆ. ನೋಡಲು ಗಲೀಜು, ಕೈ ಮಾತ್ರ ಜಾರುವುದಿಲ್ಲ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಡಬಲ್ಸ್ ಜೋಡಿಗೆ ಸಿಗುವ ಬಹುಮಾನವನ್ನು ಇಬ್ಬರು ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಸಿಂಗಲ್ಸ್ ಗೆದ್ದವನಿಗಿಂತ ಎಷ್ಟೋ ಕಡಿಮೆ. ಹೊಟ್ಟೆ ತುಂಬಿಸಿದ್ದು ಬಹುಮಾನವಲ್ಲ, ಕ್ರೀಡಾ ಕೋಟಾದ ನೌಕರಿ. ಆ ನೌಕರಿಯೇ ನಮ್ಮ ಜೋಡಿಯನ್ನೂ ಮುರಿಯಿತು. ಅವನಿಗೆ ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತು. ನನಗೆ ಇಲ್ಲೇ. ಬೇಡ ಅನ್ನುವ ಹಾಗಿತ್ತಾ? ಇಬ್ಬರ ಮನೆಯಲ್ಲೂ ಸಾಲ ಇತ್ತು. ಆಮೇಲೆ ಮೂವರು ಪಾರ್ಟ್ನರ್‌ಗಳ ಜೊತೆ ಆಡಿದೆ, ಒಳ್ಳೆಯವರೇ. ಆದರೆ ನಾನು ನೆಟ್ ಹತ್ತಿರ ನಿಂತಾಗ ಬೆನ್ನ ಹಿಂದೆ ಯಾರು ಎಲ್ಲಿದ್ದಾರೆ ಅಂತ ತಿರುಗಿ ನೋಡಬೇಕಾಗುತ್ತಿತ್ತು. ಅವನ ಕಾಲ ಸದ್ದು ನನಗೆ ಬಾಯಿಪಾಠ ಆಗಿತ್ತು.

ಜ್ವಾಲಾ ಗುಟ್ಟಾ, ಅಶ್ವಿನಿ ಪೊನ್ನಪ್ಪ 2011ರಲ್ಲಿ ಡಬಲ್ಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಕಂಚು ಗೆದ್ದಾಗಲೂ ನಮ್ಮ ಕಡೆ ತಂದೆತಾಯಿ ಕೇಳುತ್ತಿದ್ದದ್ದು "ಸಿಂಗಲ್ಸ್ ಯಾಕೆ ಆಡುವುದಿಲ್ಲ?" ಅಂತಲೇ. ಬದಲಾದದ್ದು ಪುರುಷರ ತಂಡಗಳ ವಿಶ್ವ ಟೂರ್ನಿಯಾದ ಥಾಮಸ್ ಕಪ್‌ನ 2022ರ ಫೈನಲ್ ನಂತರ. ಸಾತ್ವಿಕ್ ಮತ್ತು ಚಿರಾಗ್ ಶೆಟ್ಟಿ ಮೊದಲ ಗೇಮ್ ಸೋತು 18-21, 23-21, 21-19ರಲ್ಲಿ ಗೆದ್ದರಲ್ಲ, ಮರುವಾರವೇ ನನ್ನ ಹತ್ತಿರ ಇಬ್ಬರು ಹುಡುಗರು ಬಂದು, "ಸರ್, ನಮಗೆ ಡಬಲ್ಸೇ ಬೇಕು" ಅಂದರು. ಇಬ್ಬರಿಗೂ ಸ್ಮ್ಯಾಶ್ ಕಲಿಯಬೇಕು. ನಾನು ನಾರು ಕಟ್ಟಿ ಗೆರಟೆ ಇಟ್ಟೆ. ಒಬ್ಬ ಉಳಿದ.

ಕಾರ್ಕಳದವನು ಹೋದ ತಿಂಗಳು ಫೋನ್ ಮಾಡಿದ್ದ. 35 ದಾಟಿದವರ ಡಬಲ್ಸ್‌ಗೆ ಹೆಸರು ಕೊಡೋಣವಾ ಅಂತ. 2018ರಲ್ಲಿ ಸರ್ವ್ ನೆಲದಿಂದ 1.15 ಮೀಟರ್‌ಗಿಂತ ಕೆಳಗೇ ಆಗಬೇಕು ಅಂತ ರೂಲು ಬಂತಲ್ಲ, ನನ್ನಂಥ ಕುಳ್ಳರಿಗೆ ಅದರಿಂದ ಏನೂ ಆಗಲಿಲ್ಲ. ಅವನಂಥ ಉದ್ದದವರು ಮಂಡಿ ಬಗ್ಗಿಸಬೇಕು. ಅವನ ಮಂಡಿಗೆ ಈಗ ಪಟ್ಟಿ ಬೇರೆ. "ಮೊದಲು ಐವತ್ತು ಸರ್ವ್ ಮಾಡಿ ವಿಡಿಯೋ ಕಳಿಸು" ಅಂದೆ. ಮೂವತ್ತೊಂದರದ್ದು ಬಂದಿದೆ. ಉಳಿದದ್ದು ನೆಟ್‌ಗೆ ಬಿದ್ದಿರಬೇಕು.