ಸಂಘಕ್ಕೆ ಕಟ್ಟಿದ ದುಡ್ಡು ವಸೂಲಾಗಬೇಕಾ?

ಮೊದಲ ಎರಡು ವರ್ಷ ನಾನು ಕೈಗಾರಿಕಾ ಸಂಘದ ಸರ್ಟಿಫಿಕೇಟನ್ನು ಗೋಡೆಗೆ ನೇತುಹಾಕಿ ಸುಮ್ನೆ ಕೂತಿದ್ದೆ. ಏನೂ ಸಿಗಲಿಲ್ಲ. ಮೀಟಿಂಗಿಗೇ ಹೋಗದವನಿಗೆ ಏನು ಸಿಗುತ್ತದೆ, ಅಲ್ವಾ?

ಹೋಗಿ, ಅದೂ ಅರ್ಧ ಗಂಟೆ ಮುಂಚೆ. ಭಾಷಣಕ್ಕಿಂತ ಕಾಫಿ ಲೋಟ ಹಿಡಿದು ನಿಂತಾಗ ಆಡುವ ಮಾತೇ ಜಾಸ್ತಿ ಕೆಲಸಕ್ಕೆ ಬರುತ್ತದೆ. "ಫ್ಯಾಬ್ರಿಕೇಶನ್ ಮಾಡ್ತೀನಿ" ಅಂದರೆ ಯಾರಿಗೂ ನೆನಪಿರಲ್ಲ. "3 ಎಂಎಂ ಶೀಟ್ ಬೆಂಡಿಂಗ್, ಹತ್ತೇ ಪೀಸಾದರೂ ಮಾಡಿಕೊಡ್ತೀನಿ" ಅನ್ನಿ. ನನಗೆ ಮೊದಲ ಆರ್ಡರ್ ಬಂದಿದ್ದು ಹೀಗೇ, ಪಕ್ಕದ ಶೆಡ್ಡಿನಿಂದ!

ದುಡ್ಡು ಬಾಕಿ ಉಳಿದಿದೆಯಾ? ಸಂಘದಲ್ಲಿ ಕೇಳಿ, ಆ ದಾರಿ ನಡೆದವರು ಒಬ್ಬರಾದರೂ ಇರುತ್ತಾರೆ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಪ್ರಕಾರ, ಒಪ್ಪಂದದಲ್ಲಿ ಏನೇ ಬರೆದಿರಲಿ, ಕಿರು ಮತ್ತು ಸಣ್ಣ ಉದ್ಯಮದಿಂದ ಮಾಲು ತೆಗೆದುಕೊಂಡವರು 45 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. ಇದಕ್ಕೆ ಉದ್ಯಮ್ ನೋಂದಣಿ, ಅಂದರೆ ಇಂಥ ಉದ್ಯಮಗಳಿಗಿರುವ ಕೇಂದ್ರ ಸರ್ಕಾರದ ನೋಂದಣಿ, ಮೊದಲೇ ಮಾಡಿಸಿಟ್ಟಿರಿ. ಆರ್ಡರ್ ಕಾಪಿ, ಡೆಲಿವರಿ ಚಲನ್ ಎಸೆಯಬೇಡಿ.

ಕರೆಂಟ್, ಚರಂಡಿ, ರಸ್ತೆ ದೂರುಗಳನ್ನು ಬಾಯಲ್ಲಿ ಹೇಳಬೇಡಿ. ಯಾವ ದಿನ, ಎಷ್ಟು ಹೊತ್ತು ಕರೆಂಟ್ ಹೋಯಿತು ಅಂತ ಬರೆದು ಕೊಡಿ. ಇಪ್ಪತ್ತು ಶೆಡ್ಡಿನ ಪಟ್ಟಿ ಒಟ್ಟಿಗೆ ಹೋದರೆ ಅಧಿಕಾರಿ ಕೂರಿಸಿ ಮಾತಾಡುತ್ತಾರೆ.

ರಫ್ತು ಮಾಡುವವರು ಬೆಂಗಳೂರಿನ ಎಫ್‌ಕೆಸಿಸಿಐ (ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ) ಕಡೆಯೂ ನೋಡಿ. 1916ರಿಂದ ಇರುವ ಸಂಸ್ಥೆ, ಸರಕು ಯಾವ ದೇಶದ್ದು ಅಂತ ತೋರಿಸುವ ಮೂಲ ಪ್ರಮಾಣಪತ್ರ ಅಲ್ಲೂ ಸಿಗುತ್ತದೆ.

ಕಮಿಟಿ ಚುನಾವಣೆಗೆ ಮಾತ್ರ ಮೊದಲ ವರ್ಷವೇ ನಿಲ್ಲಬೇಡಿ.