ನೋನಾ ಗಾಡಿಯನ್ನು 1:35 ಅಳತೆಯಲ್ಲಿ ಕಟ್ಟಿದ ಬಗೆ

ಮಾಡೆಲ್ ಕಟ್ಟುವವರಲ್ಲಿ ಹೆಚ್ಚಿನವರಿಗೆ ದೊಡ್ಡ ಟ್ಯಾಂಕ್‌ಗಳ ಮೇಲೇ ಕಣ್ಣು. ನನಗೆ ಪ್ಯಾರಾಚೂಟ್‌ನಲ್ಲಿ ಇಳಿಯುವ ಪುಟ್ಟ ಗಾಡಿಗಳು ಇಷ್ಟ. ಅದರಲ್ಲೂ ಸೋವಿಯತ್ ಪ್ಯಾರಾ ಪಡೆಗಳ 2ಎಸ್9 ನೋನಾ. 1981ರಲ್ಲಿ ಸೇನೆಗೆ ಸೇರಿದ ಈ ಗಾಡಿ 120 ಮಿ.ಮೀ. ಮಾರ್ಟರ್ (ಗುಂಡನ್ನು ಎತ್ತರಕ್ಕೆ ಹಾರಿಸಿ ಬೀಳಿಸುವ ತೋಪು) ಹೊತ್ತು, ನಾಲ್ಕು ಜನರನ್ನು ಕೂರಿಸಿಕೊಂಡೂ ತೂಗುವುದು ಸುಮಾರು 8 ಟನ್. ನಮ್ಮ ಸೇನೆಯ ಟಿ-72 ಟ್ಯಾಂಕ್ 41 ಟನ್ ಇದೆ. ವಿಮಾನದಿಂದ ಇಳಿದ ಸೈನಿಕರ ಜೊತೆ ದೊಡ್ಡ ತೋಪು ಬರುವುದಿಲ್ಲ, ಅಲ್ವಾ? ಆ ಕೊರತೆ ತುಂಬಲೆಂದೇ ಇದನ್ನು ಮಾಡಿದ್ದು.

ಅದೇ ಪ್ಯಾರಾ ಪಡೆಗಳ ಇನ್ನೊಂದು ಗಾಡಿ ಬಿಎಂಡಿ-1ರ ಕಿಟ್ ಒಂದನ್ನು ಇಟ್ಟುಕೊಂಡು ಶುರು ಮಾಡಿದೆ. ಆದರೆ ನೋನಾ ನಿಂತಿರುವುದು ಅದರ ಉದ್ದನೆಯ ತಮ್ಮ ಬಿಟಿಆರ್-ಡಿ ಚಾಸಿಸ್ ಮೇಲೆ. ಬಿಎಂಡಿಗೆ ಒಂದು ಬದಿಗೆ ಐದು ಚಕ್ರ, ಇದಕ್ಕೆ ಆರು. ಹಾಗಾಗಿ ಒಂದು ಚಕ್ರಕ್ಕೆ ಸಿಲಿಕೋನ್ ಅಚ್ಚು ಮಾಡಿ, ರೆಸಿನ್ ಸುರಿದು ಎರಡು ಚಕ್ರ ತೆಗೆದೆ. ಟ್ರ್ಯಾಕ್‌ಗೂ ಕೊಂಡಿ ಸೇರಿಸಬೇಕು. ಹಲ್ ಅನ್ನು, ಅಂದರೆ ಗಾಡಿಯ ಒಡಲನ್ನು, ಸ್ಟೈರೀನ್ ಎಂಬ ಪ್ಲಾಸ್ಟಿಕ್ ಶೀಟಿನಲ್ಲಿ ಉದ್ದ ಮಾಡಿದೆ. ನಿಜವಾದ ಗಾಡಿ ಸುಮಾರು 6 ಮೀಟರ್ ಉದ್ದ, ಮಾಡೆಲ್ ಅದರ 35ರಲ್ಲಿ ಒಂದು ಪಾಲು, ಅಂದರೆ 17 ಸೆಂ.ಮೀ.

ಈ ಗಾಡಿಯ ಸಸ್ಪೆನ್ಷನ್ ಏರಿಸಬಹುದು, ಇಳಿಸಬಹುದು. ನೆಲದಿಂದ ಹೊಟ್ಟೆಯವರೆಗಿನ ಅಂತರ 10 ಸೆಂ.ಮೀ.ನಿಂದ 45 ಸೆಂ.ಮೀ.ವರೆಗೆ ಬದಲಾಗುತ್ತದೆ. ವಿಮಾನದಲ್ಲಿ ಕಟ್ಟುವಾಗ ತಗ್ಗಿಸುತ್ತಾರೆ. 1:35ರಲ್ಲಿ ಅದು 3 ಮಿ.ಮೀ.ನಿಂದ 13 ಮಿ.ಮೀ. ಚಕ್ರದ ತೋಳುಗಳನ್ನು ಅಂಟಿಸದೆ ಹಿತ್ತಾಳೆ ತಂತಿಯ ಪಿನ್ನಿಗೆ ಕೂರಿಸಿದೆ. ಈಗ ಎರಡೂ ಎತ್ತರದಲ್ಲಿ ನಿಲ್ಲಿಸಬಹುದು.

ಜಾಸ್ತಿ ಹೊತ್ತು ಹಿಡಿದದ್ದು ಟರೆಟ್, ಅಂದರೆ ನಳಿಗೆ ಕೂರುವ ಮೇಲಿನ ತಿರುಗು ಗೂಡು. ಮೊದಲು ಡ್ರಾಯಿಂಗ್ ಶೀಟಿನಲ್ಲಿ ಕತ್ತರಿಸಿ, ಇಳಿಜಾರಿನ ಮುಖಗಳು ಒಂದಕ್ಕೊಂದು ಕೂಡುವುದನ್ನು ನೋಡಿಕೊಂಡೆ. ಆಮೇಲೆ ಅದೇ ಅಳತೆಗೆ 1 ಮಿ.ಮೀ. ಸ್ಟೈರೀನ್. ಬೆಸುಗೆಯ ಗೆರೆಗಳಿಗೆ ತೆಳ್ಳಗೆ ಎಳೆದ ಪ್ಲಾಸ್ಟಿಕ್ ಎಳೆ ಅಂಟಿಸಿ, ಅದು ಮೆತ್ತಗಿರುವಾಗಲೇ ಕಟರ್ ತುದಿಯಿಂದ ಒತ್ತಿದರೆ ನಿಜವಾದ ಬೆಸುಗೆಯಂತೆಯೇ ಕಾಣುತ್ತದೆ.

ನಳಿಗೆಗೆ ಹಿತ್ತಾಳೆ ಕೊಳವೆ. 120 ಮಿ.ಮೀ. ಬಾಯಿ ಇಲ್ಲಿ 3.4 ಮಿ.ಮೀ. ಆಗುತ್ತದೆ. ಬಾಯಿಯ ಒಳಗೆ ಸೂಜಿ ಅರದಿಂದ ಸಣ್ಣ ಗೀರುಗಳನ್ನು ಎಳೆದೆ. ಇದು ಸುಮ್ನೆ ಅಲಂಕಾರಕ್ಕಲ್ಲ. ಸಾಮಾನ್ಯ ಮಾರ್ಟರ್‌ನ ಒಳಗೋಡೆ ನುಣುಪು. ನೋನಾದ್ದು ಗೀರು ಇರುವ ನಳಿಗೆ, ಗುಂಡು ತುಂಬುವುದೂ ಹಿಂದಿನಿಂದ. ಗುಂಡಿನ ಸುತ್ತ ಇರುವ ಲೋಹದ ಪಟ್ಟಿಯ ಮೇಲೆ ಮೊದಲೇ ಕೊರೆದ ಗೀರುಗಳು ನಳಿಗೆಯ ಗೀರುಗಳಿಗೆ ಕೂಡುತ್ತವೆ. ತಿರುಗುತ್ತಾ ಹೊರಟ ಗುಂಡು 8.8 ಕಿ.ಮೀ. ದೂರ ಹೋಗುತ್ತದೆ. ರೆಕ್ಕೆ ಇರುವ ಮಾಮೂಲಿ ಮಾರ್ಟರ್ ಗುಂಡನ್ನೂ ಇದರಲ್ಲಿ ಹಾರಿಸಬಹುದು. ಅಷ್ಟು ಸಣ್ಣ ಗಾಡಿಯಲ್ಲಿ ಇಷ್ಟೆಲ್ಲ ಕೂರಿಸಿದವರ ಜಾಣತನ ನೋಡಿದಾಗಲೆಲ್ಲ ಖುಷಿಯಾಗುತ್ತದೆ.

ಟರೆಟ್ ಪೂರ್ತಿ ಸುತ್ತುವುದಿಲ್ಲ. ಎಡಕ್ಕೆ 35 ಡಿಗ್ರಿ, ಬಲಕ್ಕೆ 35 ಡಿಗ್ರಿ, ಅಷ್ಟೇ. ಆದರೆ ನಳಿಗೆ 80 ಡಿಗ್ರಿವರೆಗೆ ಮೇಲೇಳುತ್ತದೆ. ನಾನು ಸ್ವಲ್ಪ ಎಡಕ್ಕೆ ತಿರುಗಿಸಿ, ನಳಿಗೆಯನ್ನು ಎತ್ತರಕ್ಕೆ ಎತ್ತಿ ನಿಲ್ಲಿಸಿದೆ.

ಬಣ್ಣ ಹಸಿರು, ಮೇಲೆ ಅಫ್ಘಾನಿಸ್ತಾನದ ತಿಳಿಕಂದು ಧೂಳು. ನೋನಾ ಮೊದಲು ಯುದ್ಧಕ್ಕೆ ಇಳಿದದ್ದು ಅಲ್ಲೇ. ಇದನ್ನು ಕಟ್ಟುವವರಿಗೆ ಒಂದು ಮಾತು: ಹಲ್ ಮೇಲೆ ತುಕ್ಕಿನ ಬಣ್ಣ ಬಳಿಯಬೇಡಿ. ತೂಕ ಉಳಿಸಲು ಅದನ್ನು ಅಲ್ಯೂಮಿನಿಯಂ ಮಿಶ್ರಲೋಹದಲ್ಲಿ ಮಾಡಿದ್ದಾರೆ. ಪೇಂಟ್ ಕಿತ್ತಲ್ಲಿ ಮಾಸಿದ ಬೆಳ್ಳಿ ಬಣ್ಣ ಇಣುಕಬೇಕು. ತುಕ್ಕು ಟ್ರ್ಯಾಕ್‌ಗೆ, ಎಳೆಯುವ ಉಕ್ಕಿನ ಹಗ್ಗಕ್ಕೆ ಮಾತ್ರ.